ಅನ್ನಾಳ ಪೋಲ್ಕಾ ಗೌನು: ಒಂದು ಸೀರೆ, ಒಂದು ಮುಂಡು, ತೋಟದ ಪೈಪಿನಿಂದ 1860ರ ದಶಕದ ರಂಗ ಉಡುಪು ಹೊಲಿಯುವ ಬಗೆ

‘ದಿ ಕಿಂಗ್ ಅಂಡ್ ಐ’ ಸಂಗೀತ ನಾಟಕದ ಎರಡನೆಯ ಅಂಕದಲ್ಲಿ ಶಿಕ್ಷಕಿ ಅನ್ನಾ ಸಯಾಮಿನ (ಇಂದಿನ ಥಾಯ್ಲೆಂಡ್) ದೊರೆಯೊಂದಿಗೆ ಪೋಲ್ಕಾ ಎಂಬ ಜೋಡಿ ಕುಣಿತ ಕುಣಿಯುತ್ತಾಳೆ. ಇಬ್ಬರೂ ಸುತ್ತುತ್ತಿದ್ದಂತೆ ಅವಳ ಗೌನಿನ ಘೇರು ಅರ್ಧ ರಂಗವನ್ನು ಬಳಸಿಕೊಂಡು ಹೋಗುತ್ತದೆ. ಮಂಗಳೂರು, ಉಡುಪಿಯ ಶಾಲೆ ಕಾಲೇಜುಗಳಲ್ಲಿ ಈ ದೃಶ್ಯವನ್ನು ಆಡಿಸಲು ಹೊರಟವರಿಗೆ ಹಾಡಿಗಿಂತ ಮೊದಲು ಕಾಡುವುದು ಆ ಗೌನು. ಬಾಡಿಗೆಗೆ ಸಿಗುವ ನೆಟ್ ಬಟ್ಟೆಯ ಉದ್ದ ಫ್ರಾಕು ಸೊಂಟದಿಂದ ಜೋತುಬಿದ್ದು ಕಾಲಿಗೆ ಸುತ್ತಿಕೊಳ್ಳುತ್ತದೆ. ಕುಣಿತದ ಸೊಗಸೆಲ್ಲ ಅಲ್ಲಿಗೇ ಮುಗಿಯಿತು. ಆದ್ದರಿಂದ ಮನೆಯಲ್ಲೇ ಹೊಲಿಯುವುದು ಮೇಲು. ಸೀರೆಯ ರವಿಕೆ ಹೊಲಿಯಲು ಬರುವ ಯಾರಾದರೂ ಇದನ್ನು ಹೊಲಿಯಬಲ್ಲರು. ಕಷ್ಟದ ಹೊಲಿಗೆ ಇದರಲ್ಲಿ ಕಡಿಮೆ. ತಾಳ್ಮೆ ಬೇಡುವ ಹೊಲಿಗೆ ಹೆಚ್ಚು.

ನಾನು ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಈ ಉಡುಪಿನ ಆಕಾರ ಹುಟ್ಟುವುದು ಒಳಗೆ. ಒಳಗಿನ ಬಳೆಗಳ ಪಂಜರ (ಘೇರನ್ನು ಅರಳಿಸಿ ಹಿಡಿಯಲು ಒಂದರ ಕೆಳಗೊಂದು ಕಟ್ಟಿದ ದೊಡ್ಡ ಉಂಗುರಗಳ ಚೌಕಟ್ಟು) ಸರಿಯಾಗಿ ನಿಲ್ಲುವವರೆಗೆ ಹೊರಬಟ್ಟೆಗೆ ಕತ್ತರಿ ತಾಗಿಸಬಾರದು. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಣ್ಣದ ವೇಷದ ಗಾತ್ರವೆಲ್ಲ ಒಳಗೆ ಸುತ್ತಿದ ಬಟ್ಟೆಯದು. ಮೇಲಿನ ಆಭರಣಕ್ಕೆ ಆ ಗಾತ್ರವೇ ಆಧಾರ.

ಯಾವ ಕಾಲದ ಉಡುಪು?

ನಾಟಕದ ಹಿಂದಿರುವ ನಿಜವಾದ ಅನ್ನಾ ಲಿಯೊನೊವೆನ್ಸ್ ಹುಟ್ಟಿದ್ದು 1831ರಲ್ಲಿ, ನಮ್ಮ ಅಹಮದ್‌ನಗರದಲ್ಲಿ. ದೊರೆ ಮೊಂಗ್‌ಕುಟ್‌ನ ಮಕ್ಕಳಿಗೂ ರಾಣಿವಾಸದವರಿಗೂ ಪಾಠ ಹೇಳಲು ಆಕೆ ಬ್ಯಾಂಕಾಕಿಗೆ ಹೋದದ್ದು 1862ರಲ್ಲಿ. ಮಾರ್ಗರೆಟ್ ಲ್ಯಾಂಡನ್ 1944ರಲ್ಲಿ ಬರೆದ ಕಾದಂಬರಿಯ ಮೂಲಕ ಆ ಕಥೆ ರಿಚರ್ಡ್ ರಾಜರ್ಸ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್ ಜೋಡಿಯ ಕೈಗೆ ಬಂದು, 1951ರ ಮಾರ್ಚ್ 29ರಂದು ಬ್ರಾಡ್‌ವೇಯಲ್ಲಿ ನಾಟಕವಾಗಿ ತೆರೆ ಕಂಡಿತು. ವಸ್ತ್ರವಿನ್ಯಾಸ ಐರೀನ್ ಶರಾಫ್ ಅವರದು. ನಾಟಕಕ್ಕೆ ಟೋನಿ, 1956ರ ಚಲನಚಿತ್ರಕ್ಕೆ ಆಸ್ಕರ್ ಅವರಿಗೆ ಸಂದವು. ಬ್ಯಾಂಕಾಕಿನ ರೇಷ್ಮೆ ವ್ಯಾಪಾರಿ ಜಿಮ್ ಥಾಂಪ್ಸನ್ ಅವರ ಕೈಮಗ್ಗದ ಥಾಯ್ ರೇಷ್ಮೆಯನ್ನು ಅವರು ಈ ನಾಟಕಕ್ಕೆ ಬಳಸಿದರು. ಕೈಮಗ್ಗದ ಬಟ್ಟೆಗೆ ನಾವೇನೂ ದೂರ ಹೋಗಬೇಕಾಗಿಲ್ಲವಲ್ಲ!

ಹೀಗಾಗಿ ನಮ್ಮ ಲಕ್ಷ್ಯ 1860ರ ದಶಕದ ಮೊದಲ ವರ್ಷಗಳ ನೃತ್ಯಕೂಟದ ಗೌನು. ಅದರ ಗುರುತುಗಳು ಇವು: ಭುಜದಿಂದ ಭುಜಕ್ಕೆ ಅಡ್ಡವಾಗಿ ಅಗಲಿಸಿದ ಕೊರಳು, ಗಿಡ್ಡ ತೋಳು, ಕೊರಳ ಸುತ್ತ ನಿರಿಗೆಗಳ ಅಗಲ ಪಟ್ಟಿ (ಇದನ್ನು ಬರ್ಥಾ ಎನ್ನುತ್ತಾರೆ), ಮುಂದೆ ಚೂಪಾಗಿ ಇಳಿಯುವ ಸೊಂಟ, ಬೆನ್ನ ಮೇಲೆ ದಾರದ ಕಟ್ಟು, ಅದರ ಕೆಳಗೆ ಗುಮ್ಮಟದಂತೆ ಹರಡಿದ ಘೇರು. ಉಕ್ಕಿನ ಬಳೆಗಳ ಪಂಜರಕ್ಕೆ ಪೇಟೆಂಟ್ ಸಿಕ್ಕಿದ್ದು 1856ರಲ್ಲಿ. ಅದಕ್ಕೂ ಮುಂಚೆ ಗಂಜಿ ಹಾಕಿದ ಒಳಲಂಗಗಳನ್ನು ಒಂದರ ಮೇಲೊಂದು ತೊಟ್ಟು ಹೆಂಗಸರು ಆ ಭಾರವನ್ನು ಸೊಂಟದಲ್ಲಿ ಹೊರುತ್ತಿದ್ದರು. ಪಂಜರ ಬಂದ ಮೇಲೆ ಕಾಲುಗಳ ಸುತ್ತ ಗಾಳಿಯಾಡತೊಡಗಿತು. ನಮ್ಮ ಕರಾವಳಿಯ ಸೆಕೆಗೆ ಇದಕ್ಕಿಂತ ಒಪ್ಪುವ ಚಾರಿತ್ರಿಕ ಉಡುಪು ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬಣ್ಣದ ಬಗ್ಗೆ ಒಂದು ಮಾತು. ವಿಲಿಯಂ ಪರ್ಕಿನ್ ಎಂಬ 18ರ ಹುಡುಗ ಲಂಡನ್ನಿನಲ್ಲಿ ಮೊದಲ ಕೃತಕ ನೇರಳೆ ಬಣ್ಣವನ್ನು ಕಂಡುಹಿಡಿದದ್ದೂ 1856ರಲ್ಲೇ. ಮುಂದಿನ ಕೆಲವು ವರ್ಷ ಆ ಬಣ್ಣದ್ದೇ ಹುಚ್ಚು. ಆದ್ದರಿಂದ ತಿಳಿ ನೇರಳೆ, ಗುಲಾಬಿ, ಗಾಢ ನೀಲಿ ಯಾವುದನ್ನು ಆರಿಸಿದರೂ ಕಾಲಕ್ಕೆ ಹೊಂದುತ್ತದೆ. ತೀರಾ ತೆಳು ಗುಲಾಬಿ ಮಾತ್ರ ಬೇಡ. ರಂಗದ ಪ್ರಖರ ದೀಪಗಳಲ್ಲಿ ಅದು ಬಿಳಿಯಾಗಿ ಕಾಣುತ್ತದೆ; ನಿಮ್ಮ ಮನಸ್ಸಿನಲ್ಲಿರುವುದಕ್ಕಿಂತ ಒಂದು ಛಾಯೆ ಗಾಢವಾದುದನ್ನು ಕೊಳ್ಳಿ.

ಸಾಮಾನು ಹೊಂದಿಸುವುದು

ಹೊರಬಟ್ಟೆಗೆ ನನ್ನ ಆಯ್ಕೆ ಸೀರೆ. ಆ ಕಾಲದ ಲಂಗಗಳನ್ನು ಈಗಿನ ಛತ್ರಿ ಲಂಗದಂತೆ ಕಲಿಗಳಾಗಿ ಕತ್ತರಿಸುತ್ತಿರಲಿಲ್ಲ. ನೇರವಾದ ಅಗಲಗಳನ್ನು ಜೋಡಿಸಿ ಸೊಂಟದಲ್ಲಿ ನಿರಿಗೆ ಹಿಡಿಯುತ್ತಿದ್ದರು. ಸೀರೆಯನ್ನು ಅಡ್ಡಲಾಗಿ ಹಿಡಿದರೆ ಅದರ ಐದೂವರೆ ಮೀಟರ್ ಉದ್ದವೇ ಘೇರು, 115ರಿಂದ 120 ಸೆಂಟಿಮೀಟರ್ ಅಗಲವೇ ಲಂಗದ ಎತ್ತರ. ಒಂದೇ ಒಂದು ನಿಲುವು ಹೊಲಿಗೆ ಸಾಕು. ಅಂಚು ತಾನಾಗಿಯೇ ಕೆಳಗೆ ಬರುತ್ತದೆ. 1850ರ ದಶಕದಲ್ಲಿ ಯುರೋಪಿನ ಗಿರಣಿಗಳು ಲಂಗದ ಕೆಳಭಾಗಕ್ಕೆಂದೇ ಅಂಚು ಮೂಡಿಸಿದ ಬಟ್ಟೆಗಳನ್ನು ಮಾರುತ್ತಿದ್ದವು. ಹಾಗಾಗಿ ಅಂಚಿರುವ ಘೇರು ಆ ಕಾಲಕ್ಕೆ ಅಪರಿಚಿತವೇನಲ್ಲ. ಅಂಚಿನ ಬಿಗುವು ಘೇರಿನ ತುದಿಯನ್ನು ಹೊರಕ್ಕೆ ತಳ್ಳಿ ಹಿಡಿಯುತ್ತದೆ ಎಂಬುದು ಇನ್ನೊಂದು ಲಾಭ.

ಸೀರೆಯ ಒಡಲು ಸಾದಾ ಇರಲಿ, ಅಂಚು ಕಿರಿದಾಗಿರಲಿ, ಬಟ್ಟೆ ಸ್ವಲ್ಪ ಸರಭರ ಸದ್ದು ಮಾಡುವಂತಿರಲಿ. ಮೈಸೂರು ರೇಷ್ಮೆಯ ಕ್ರೇಪ್ ಉಟ್ಟರೆ ಚೆಂದ, ಆದರೆ ಇಲ್ಲಿ ಅದು ಇಳಿಬೀಳುತ್ತದೆ. ಆರ್ಟ್ ಸಿಲ್ಕ್ ಸಾಕು. ನೃತ್ಯಕೂಟದ ಗೌನಿನ ಬದಲು ಅನ್ನಾಳ ಪಾಠಶಾಲೆಯ ಹಗಲು ಉಡುಪನ್ನು ಹೊಲಿಯುವುದಾದರೆ ಕಿನ್ನಿಗೋಳಿ, ಉಡುಪಿ ಕಡೆಯ ನೇಕಾರರು ನೇಯುವ ಉಡುಪಿ ಸೀರೆಯ ಹತ್ತಿ ಬಟ್ಟೆ ಬಹಳ ಒಳ್ಳೆಯದು. ಆಗ ಕೊರಳು ಮುಚ್ಚಿ, ತೋಳು ಉದ್ದವಾಗಿ, ಗುಂಡಿ ಮುಂದೆ ಬರಬೇಕು. ಉಳಿದ ಕೆಲಸವೆಲ್ಲ ಒಂದೇ.

ಒಳಲಂಗಕ್ಕೆ ಒಂದು ಡಬಲ್ ಮುಂಡು (ಬಿಳಿ ಪಂಚೆ). ಅದರ ಉದ್ದ ಮೂರೂವರೆ ಮೀಟರಿಗಿಂತ ಹೆಚ್ಚು, ಅಗಲ ಸುಮಾರು 127 ಸೆಂಟಿಮೀಟರ್. ಸೀರೆಯಂತೆ ಇದನ್ನೂ ಅಡ್ಡ ಹಿಡಿಯುವುದು. ಮೇಲುಡುಪಿನ ಅಸ್ತರಿಗೆ ದಪ್ಪ ಹತ್ತಿ ಡ್ರಿಲ್ ಒಂದು ಮೀಟರ್, ಮಾದರಿ ಹೊಲಿಯಲು ಕೋರಾ ಬಟ್ಟೆ ಎರಡು ಮೀಟರ್. ಮಂಗಳೂರಿನವರಿಗೆ ಹಂಪನಕಟ್ಟೆ, ರಥಬೀದಿ ಸುತ್ತಿದರೆ, ಉಡುಪಿಯವರಿಗೆ ಮಠದ ರಥಬೀದಿಯ ಆಸುಪಾಸಿನಲ್ಲಿ ತಿರುಗಾಡಿದರೆ ಇವೆಲ್ಲ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತವೆ.

ಬಳೆಗಳಿಗೆ ಏನು ಮಾಡುವುದು? ಇಲ್ಲಿ ಕರಾವಳಿಯ ಹವೆಯನ್ನು ಕೇಳಬೇಕು. ಉಕ್ಕಿನ ಪಟ್ಟಿ ಮೂಲಕ್ಕೆ ನಿಷ್ಠ, ಆದರೆ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಗೆರೆ ಬಿಡುತ್ತದೆ. ಬೆತ್ತ ಸುಂದರ, ಮಳೆಗಾಲದ ತೇವಕ್ಕೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ನನ್ನ ಶಿಫಾರಸು ಅಡಿಕೆ ತೋಟಕ್ಕೆ ಹಾಕುವ ಹನಿ ನೀರಾವರಿಯ ಕಪ್ಪು ಪೈಪು. ಕೃಷಿ ಸಾಮಗ್ರಿ ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತದೆ, ಹಗುರ, ಸುರುಳಿಯಲ್ಲೇ ಬರುವುದರಿಂದ ಗುಂಡಗಿರುವುದು ಅದರ ಹುಟ್ಟುಗುಣ. ರಂಧ್ರವಿಲ್ಲದ 12 ಮಿಲಿಮೀಟರಿನ ಪೈಪು ಹತ್ತು ಮೀಟರ್, ಅತ್ಯಂತ ಕೆಳಗಿನ ಬಳೆಗೆ 16 ಮಿಲಿಮೀಟರಿನದು ಮೂರು ಮೀಟರ್, ಎರಡೂ ಅಳತೆಯ ಜೋಡಣೆ ಕೊಂಡಿಗಳು. ಮೇಲುಡುಪಿನ ಎಲುಬುಗಳಿಗೆ (ಬಟ್ಟೆಯನ್ನು ನೆಟ್ಟಗೆ ಹಿಡಿಯಲು ಒಳಗೆ ಸೇರಿಸುವ ಕಡ್ಡಿಗಳು) ಎಲೆಕ್ಟ್ರಿಕ್ ಅಂಗಡಿಯ ಅಗಲ ಕೇಬಲ್ ಟೈ, 8 ಅಥವಾ 9 ಮಿಲಿಮೀಟರಿನದು.

ಹೊಲಿಗೆ ಯಂತ್ರ ಬಳಸಿದರೆ ಚಾರಿತ್ರಿಕತೆ ಕೆಡುತ್ತದೆಯೇ ಎಂದು ಹಲವರು ಹಿಂಜರಿಯುತ್ತಾರೆ. ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಅನ್ನಾಳ ಕಾಲದಲ್ಲಿ ಉದ್ದನೆಯ ಹೊಲಿಗೆಗಳು ಯಂತ್ರಕ್ಕೆ ಬಂದಾಗಿತ್ತು. ಅಜ್ಜಿಯ ಕಾಲದ ತುಳಿಯುವ ಯಂತ್ರದ ನೇರ ಹೊಲಿಗೆಯೇ ಈ ಉಡುಪಿಗೆ ಸರಿಯಾದುದು.

ಅಳತೆ: ಉಸಿರು ತುಂಬಿಕೊಂಡು

ಈ ಉಡುಪು ತೊಟ್ಟವರು ಹಾಡಬೇಕು. ಆದ್ದರಿಂದ ಎದೆ, ಎದೆಯ ಕೆಳಗೆ, ಸೊಂಟ, ಈ ಮೂರನ್ನೂ ಎರಡೆರಡು ಸಲ ಅಳೆಯಿರಿ: ಸಹಜವಾಗಿ ನಿಂತಾಗ ಒಮ್ಮೆ, ಹಾಡುವ ಮುನ್ನ ಎಳೆದುಕೊಳ್ಳುವಷ್ಟು ಉಸಿರು ಎಳೆದುಕೊಂಡಾಗ ಒಮ್ಮೆ. ಕತ್ತರಿಸುವುದು ಎರಡನೆಯ ಅಳತೆಗೆ. ನಡುವನ್ನು ಬಿಗಿದು ಹಿಡಿಯುವ ಒಳ ಉಡುಪು, ಕಾರ್ಸೆಟ್, ಬೇಕೇ? ಮೊದಲ ಗೌನಿಗೆ ಬೇಡ. ಎಲುಬು ಹಾಕಿದ ಗಟ್ಟಿ ಅಸ್ತರು ಅದರ ಮುಕ್ಕಾಲು ಕೆಲಸ ಮಾಡುತ್ತದೆ, ಪುರಭವನದ ದೀಪಗಳ ಕೆಳಗೆ ಹಾಡುವ ಹುಡುಗಿ ಉಸಿರಾಡಲೂಬಹುದು.

ಸೊಂಟದಿಂದ ನೆಲದವರೆಗಿನ ಅಳತೆಯನ್ನು ರಂಗದಲ್ಲಿ ಹಾಕುವ ಚಪ್ಪಲಿ ಹಾಕಿಸಿಯೇ ತೆಗೆಯಿರಿ. ಕೆಳಗಿನ ಲೆಕ್ಕಗಳೆಲ್ಲ ಸೊಂಟ 71 ಸೆಂಟಿಮೀಟರ್, ಸೊಂಟದಿಂದ ನೆಲಕ್ಕೆ 100 ಸೆಂಟಿಮೀಟರ್ ಇರುವವರಿಗೆ.

ಬಳೆಗಳ ಪಂಜರ

ಐದು ಬಳೆ ಸಾಕು. ಮೇಲಿನಿಂದ ಕೆಳಕ್ಕೆ ಸುತ್ತಳತೆ ಹೀಗಿರಲಿ: 165, 210, 245, 270, 290 ಸೆಂಟಿಮೀಟರ್. ಕೆಳಗಿನ ಬಳೆಯ ಅಡ್ಡಳತೆ 92 ಸೆಂಟಿಮೀಟರಿನಷ್ಟಾಗುತ್ತದೆ. ನಾಟಕದ ಗೌನು ಇನ್ನೂ ದೊಡ್ಡದು; ಆದರೆ ನಮ್ಮ ಸಭಾಂಗಣಗಳ ಬಣ್ಣದ ಕೋಣೆಯ ಬಾಗಿಲು, ರಂಗದ ಬದಿಯ ಇಕ್ಕಟ್ಟಿನ ಮೆಟ್ಟಿಲು ನೆನಪಿರಲಿ. ಎತ್ತರದ ನಟಿಗೆ ಕೆಳಗಿನ ಎರಡು ಬಳೆಗಳನ್ನು 15 ಸೆಂಟಿಮೀಟರ್ ಹಿಗ್ಗಿಸಿ, ಅಷ್ಟೇ.

ಪೈಪನ್ನು ಅಳತೆಗೆ ಕತ್ತರಿಸಿ, ತುದಿಗಳನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಕೊಂಡಿಗೆ ಏರಿಸಿ. ತಣ್ಣಗಾದ ಮೇಲೆ ಎಳೆದರೂ ಬಿಡುವುದಿಲ್ಲ. ಕಪ್ಪು ಬಣ್ಣ ಹೊರಗೆ ಕಾಣದಂತೆ ಪ್ರತಿ ಬಳೆಗೂ ಬಿಳಿ ಪಾಪ್ಲಿನ್ ಪಟ್ಟಿಯನ್ನು ಸುತ್ತಿ ಹೊಲಿಯಿರಿ. ಈ ಸುತ್ತು ಬರೀ ಚೆಂದಕ್ಕಲ್ಲ. ನಿಲುವು ಪಟ್ಟಿಗಳನ್ನು ಹೊಲಿದು ಹಿಡಿಸಲು ಇದೇ ಆಧಾರ.

ಸೊಂಟಕ್ಕೆ ನಾಲ್ಕು ಸೆಂಟಿಮೀಟರ್ ಅಗಲದ ಗಟ್ಟಿ ಪಟ್ಟಿ ಮಾಡಿ, ಅದರಿಂದ ಎಂಟು ಹತ್ತಿ ಟೇಪುಗಳನ್ನು ಸಮ ಅಂತರದಲ್ಲಿ ಇಳಿಬಿಡಿ. ಟೇಪಿನ ಉದ್ದಕ್ಕೂ ಸೊಂಟದಿಂದ 25, 40, 55, 70, 85 ಸೆಂಟಿಮೀಟರಿಗೆ ಗುರುತು ಹಾಕಿ ಬಳೆಗಳನ್ನು ಪಿನ್ನಿನಿಂದ ಸಿಕ್ಕಿಸಿ. ಹೊಲಿಯಬೇಡಿ. ಈಗ ನಟಿಗೆ ತೊಡಿಸಿ, ಮೂರು ಹೆಜ್ಜೆ ದೂರ ನಿಂತು ನೋಡಿ. 1860ರ ಹೊತ್ತಿಗೆ ಘೇರು ಮುಂದೆ ಚಪ್ಪಟೆಯಾಗಿ ಹಿಂದಕ್ಕೆ ಸರಿಯತೊಡಗಿತ್ತು. ಆ ಸರಿತ ಬರಬೇಕಾದರೆ ಬಳೆಗಳನ್ನು ಮುಂದಿನ ಮೂರು ಟೇಪುಗಳ ನಡುವೆ ಬಿಗಿಯಾಗಿ ಹಿಡಿದು, ಹಿಂದಿನ ಟೇಪುಗಳ ನಡುವೆ ಹೆಚ್ಚು ಪೈಪು ಬಿಡಿ. ಬಳೆ ವೃತ್ತದಿಂದ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಬದಿಯಿಂದ ನೋಡಿದಾಗ ಮುಂದಿನ ಗೆರೆ ಹೆಚ್ಚುಕಡಿಮೆ ನೇರವಾಗಿ ಇಳಿಯಬೇಕು, ಹಿಂದಿನ ಗೆರೆ ಸೊಂಟದಿಂದಲೇ ಹೊರಕ್ಕೆ ಓಡಬೇಕು. ಕೆಳಗಿನ ಬಳೆ ನೆಲದಿಂದ ಒಂದು ಗೇಣು ಮೇಲೆ ನಿಲ್ಲಲಿ. ಅದಕ್ಕಿಂತ ಕೆಳಗಿಳಿದರೆ ಪೋಲ್ಕಾ ಹೆಜ್ಜೆಯಲ್ಲಿ ಪಾದ ಬಳೆಯೊಳಗೆ ಸಿಕ್ಕಿಕೊಳ್ಳುವುದು ಖಂಡಿತ. ಕೆಳಗಿನ ಎರಡು ಬಳೆಗಳ ನಡುವೆ ಹತ್ತಿ ಬಟ್ಟೆಯನ್ನು ಸುತ್ತಲೂ ಹೊಲಿದುಬಿಡಿ. ಆ ಕಾಲದ ಪಂಜರಗಳಲ್ಲೂ ಇದೇ ಉಪಾಯವಿತ್ತು.

ಎಲ್ಲವೂ ಒಪ್ಪಿಗೆಯಾದ ಮೇಲೆ ಪಿನ್ನಿದ್ದಲ್ಲೆಲ್ಲ ದಪ್ಪ ದಾರದಿಂದ ಕೈಹೊಲಿಗೆ. ನಲವತ್ತು ಕೂಡು ಸ್ಥಳಗಳಿವೆ. ಬೇಸರ ಬರುವ ಕೆಲಸ, ಆದರೆ ಒಂದನ್ನೂ ಸಡಿಲ ಬಿಡಬಾರದು.

ಮುಂಡಿನ ಒಳಲಂಗ

ಪಂಜರದ ಮೇಲೆ ನೇರವಾಗಿ ರೇಷ್ಮೆ ಹಾಸಿದರೆ ಬಳೆಗಳ ಗೆರೆ ಹೊರಗೆ ಮೂಡುತ್ತದೆ. ಅದನ್ನು ಮುಚ್ಚಲು ಒಳಲಂಗ. ಮುಂಡಿನ ಎರಡು ತುದಿ ಕೂಡಿಸಿ, ಒಂದು ಅಂಚನ್ನು ಕೆಳಗೆ ಬಿಟ್ಟು, ಇನ್ನೊಂದನ್ನು ಎತ್ತರಕ್ಕೆ ತಕ್ಕಂತೆ ಕತ್ತರಿಸಿ ಲಾಡಿ ಹಾಕಿ. ಕೆಳಗೆ ಒಂದು ಗೇಣು ಅಗಲದ ಸುರುಕು ಪಟ್ಟಿ ಹೊಲಿದರೆ ಘೇರಿನ ತುದಿ ಇನ್ನಷ್ಟು ಅರಳುತ್ತದೆ.

ಕುಚ್ಚಲಕ್ಕಿ ಗಂಜಿಯ ತಿಳಿಗೆ ತುಸು ಕೆಂಪು ಛಾಯೆ ಇರುತ್ತದೆ, ಬಿಳಿ ಮುಂಡಿಗೆ ಅದು ಹತ್ತುತ್ತದೆ. ಬೆಳ್ತಿಗೆ ಅಕ್ಕಿಯ ಗಂಜಿ ಅಥವಾ ಸಾಬಕ್ಕಿ ಗಂಜಿ ಹಾಕಿ, ಅರೆ ಒಣಗಿದಾಗ ಇಸ್ತ್ರಿ ಮಾಡಿ. ಪ್ರದರ್ಶನದ ಹಿಂದಿನ ದಿನ ಮಾತ್ರ ಗಂಜಿ ಹಾಕುವುದು.

ಘೇರು: ಕತ್ತರಿ ಕೆಳಗಲ್ಲ, ಮೇಲೆ

ಸೀರೆಯಲ್ಲಿ ನಾಲ್ಕೂವರೆ ಮೀಟರನ್ನು ಘೇರಿಗೆ ತೆಗೆದಿಡಿ. ಉಳಿದ ಒಂದು ಮೀಟರ್ ಮತ್ತು ರವಿಕೆಯ ತುಂಡು ಮೇಲುಡುಪಿಗೆ, ಬರ್ಥಾಕ್ಕೆ. ಸೆರಗಿನಲ್ಲಿ ಜರಿ ಕೆಲಸ ಹೆಚ್ಚಿದ್ದರೆ ಆ ಭಾಗ ಬರ್ಥಾಕ್ಕೆ ಹೋಗಲಿ.

ತುದಿ ಜೋಡಿಸಿದ ಸೀರೆಯ ಕೊಳವೆ ನಿಮ್ಮ ಕೈಯಲ್ಲಿದೆ. ಇದನ್ನು ಗುಮ್ಮಟದ ಮೇಲೆ ಹರಡಿದರೆ ಹಿಂಬದಿಯಲ್ಲಿ ಹೆಚ್ಚು ಉದ್ದ ಬೇಕು, ಮುಂದೆ ಕಡಿಮೆ ಸಾಕು. ಈಗಿನ ಅಭ್ಯಾಸದಂತೆ ಕೆಳಗೆ ಕತ್ತರಿಸಿ ಸರಿದೂಗಿಸಲು ಹೋದರೆ ಅಂಚು ಹಾಳಾಯಿತು. ಆ ಕಾಲದ ದರ್ಜಿಗಳು ಕೆಳ ಅಂಚನ್ನು ನೇರವಾಗಿಯೇ ಬಿಟ್ಟು, ವ್ಯತ್ಯಾಸವನ್ನೆಲ್ಲ ಸೊಂಟದಲ್ಲಿ ಸರಿಪಡಿಸುತ್ತಿದ್ದರು. ಸೀರೆಗೆ ಇದು ಹೇಳಿ ಮಾಡಿಸಿದ ವಿಧಾನ.

ನಟಿಯನ್ನು ಗಟ್ಟಿಯಾದ ಬೆಂಚಿನ ಮೇಲೆ ನಿಲ್ಲಿಸಿ, ಪಂಜರ, ಒಳಲಂಗ, ಚಪ್ಪಲಿ ಸಮೇತ. ಸೀರೆಯ ಕೊಳವೆಯನ್ನು ತಲೆಯ ಮೇಲಿಂದ ಇಳಿಸಿ ಸೊಂಟಕ್ಕೆ ಎಲಾಸ್ಟಿಕ್ ಕಟ್ಟಿ. ಅಂಚು ಎಲ್ಲೆಡೆಯೂ ಬೆಂಚಿನಿಂದ ನಾಲ್ಕು ಸೆಂಟಿಮೀಟರ್ ಮೇಲೆ ನಿಲ್ಲುವವರೆಗೆ ಬಟ್ಟೆಯನ್ನು ಎಲಾಸ್ಟಿಕ್ಕಿನ ಕೆಳಗಿನಿಂದ ಮೇಲಕ್ಕೆ ಎಳೆಯುತ್ತ ಹೋಗಿ. ಮರದ ಸ್ಕೇಲನ್ನು ನೆಟ್ಟಗೆ ಹಿಡಿದುಕೊಂಡು ಸುತ್ತಲೂ ನೋಡಬೇಕು. ಆಮೇಲೆ ಎಲಾಸ್ಟಿಕ್ಕಿನ ಗೆರೆಯನ್ನು ಸೀಮೆಸುಣ್ಣದಿಂದ ಗುರುತಿಸಿ. ಬಿಚ್ಚಿ ನೋಡಿದರೆ ಆ ಗೆರೆ ಮುಂದೆ ತಗ್ಗಾಗಿ, ಹಿಂದೆ ಎತ್ತರವಾಗಿ ಓಡಿರುತ್ತದೆ. ಐದರಿಂದ ಎಂಟು ಸೆಂಟಿಮೀಟರ್ ವ್ಯತ್ಯಾಸ ಸಹಜ. ಗೆರೆಯ ಮೇಲೆ ಬಟ್ಟೆಯನ್ನು ಒಳಕ್ಕೆ ಮಡಿಸಿ. ಹೆಚ್ಚಾದುದನ್ನು ಕತ್ತರಿಸುವುದು ಬೇಡ, ಮಡಿಕೆಯ ದಪ್ಪ ಮುಂದೆ ಉಪಯೋಗಕ್ಕೆ ಬರುತ್ತದೆ.

ಈಗ ನಿರಿಗೆ. ಮುಂಭಾಗದ ಒಂದೂವರೆ ಮೀಟರನ್ನು ನಾವು ಸೀರೆಗೆ ಹಿಡಿಯುವಂಥದೇ ಚಪ್ಪಟೆ ನಿರಿಗೆಗಳಾಗಿ ಮಡಿಸಿ 39 ಸೆಂಟಿಮೀಟರಿಗೆ ತನ್ನಿ. ನಡುಮಧ್ಯದಿಂದ ಎರಡೂ ಕಡೆಗೆ ಸಮನಾಗಿ ಹೋಗಲಿ. ಹಿಂಭಾಗದ ಮೂರು ಮೀಟರಿಗೆ ಬೇರೆಯದೇ ನಿರಿಗೆ ಬೇಕು, ಈ ಉಡುಪಿನ ಜೀವ ಇರುವುದು ಅದರಲ್ಲಿ. ಮಡಿಸಿದ ಮೇಲ್ತುದಿಯ ಒಳಗೆ ಮೂರು ಸೆಂಟಿಮೀಟರ್ ಅಗಲದ ಫ್ಲಾನೆಲ್ ಪಟ್ಟಿಯನ್ನು ಸೇರಿಸಿ. ಗಟ್ಟಿಯಾದ ಜೋಡಿ ದಾರದಿಂದ, ತುದಿಯಿಂದ ಅರ್ಧ ಸೆಂಟಿಮೀಟರ್ ಕೆಳಗೆ ಒಂದು ಸಾಲು ಓಟದ ಹೊಲಿಗೆ; ಪ್ರತಿ ಹೊಲಿಗೆ ಸರಿಯಾಗಿ ಒಂದು ಸೆಂಟಿಮೀಟರ್ ಉದ್ದ. ಅದರ ಕೆಳಗೆ ಒಂದು ಸೆಂಟಿಮೀಟರ್ ಬಿಟ್ಟು ಎರಡನೆಯ ಸಾಲು. ಎರಡನೆಯ ಸಾಲಿನ ಸೂಜಿ ಮೊದಲ ಸಾಲಿನ ಸೂಜಿ ಹೊಕ್ಕ ಜಾಗದ ನೇರ ಕೆಳಗೇ ಹೊಗಬೇಕು, ಹೊರಟ ಜಾಗದ ನೇರ ಕೆಳಗೇ ಹೊರಡಬೇಕು. ಅಂದಾಜಿನಲ್ಲಿ ಇದು ಆಗುವುದಿಲ್ಲ. ಚೌಕುಳಿ ಕಾಗದದ ಪಟ್ಟಿ ಕತ್ತರಿಸಿ ಬಟ್ಟೆಯ ಒಳಮೈಗೆ ಇಟ್ಟು ಚುಕ್ಕಿ ಹಾಕಿಕೊಳ್ಳಿ.

ಎರಡೂ ದಾರಗಳನ್ನು ಒಟ್ಟಿಗೆ ಎಳೆದಾಗ ಬಟ್ಟೆ ಸುಕ್ಕಾಗದೆ ಸಣ್ಣ ಸಣ್ಣ ಕೊಳವೆಗಳಾಗಿ ನಿಲ್ಲುತ್ತದೆ. ಒಂದು ಕೊಳವೆಗೆ ಎರಡು ಸೆಂಟಿಮೀಟರ್ ಬಟ್ಟೆ, ಮೂರು ಮೀಟರಿಗೆ 150 ಕೊಳವೆ, ಅವೆಲ್ಲ 34 ಸೆಂಟಿಮೀಟರಿನೊಳಗೆ ಕೂಡಬೇಕು. ಅಂದರೆ ಅಂಗುಲಕ್ಕೆ ಹನ್ನೊಂದು. ಸೊಂಟದ ಪಟ್ಟಿಯನ್ನು ಬೇರೆಯಾಗಿ ಹೊಲಿದು ಮುಗಿಸಿಕೊಂಡು, ಅದರ ಕೆಳ ಅಂಚಿಗೆ ಪ್ರತಿ ಕೊಳವೆಯ ಮೂತಿಯನ್ನು ಎರಡೆರಡು ಸುತ್ತು ಹೊಲಿಗೆಯಿಂದ ಹಿಡಿಸಿ. ಪಟ್ಟಿಯನ್ನು ನಿರಿಗೆಯ ಮೇಲೆ ಮಡಿಸಿ ಯಂತ್ರದಲ್ಲಿ ಹೊಲಿದರೆ ನಿರಿಗೆ ಚಪ್ಪಟೆಯಾಗಿ ಸತ್ತುಹೋಗುತ್ತದೆ. ಅಂಚಿಗೆ ಅಂಚು ತಾಗಿಸಿ ಹೊಲಿದಾಗ ಮಾತ್ರ ಪ್ರತಿ ಕೊಳವೆಯೂ ಬಾಗಿಲಿನ ತಿರುಗಣಿಯಂತೆ ಪಟ್ಟಿಯಿಂದ ಹೊರಕ್ಕೆ ನೆಗೆಯುತ್ತದೆ, ಘೇರು ಸೊಂಟದಲ್ಲೇ ಎದ್ದು ನಿಲ್ಲುತ್ತದೆ. ಒಂದು ಸಂಜೆಯಲ್ಲಿ ಮುಗಿಯುವ ಕೆಲಸವಲ್ಲ. ಆದರೆ ಸಭಾಂಗಣದ ಕೊನೆಯ ಸಾಲಿನಿಂದಲೂ ಇದರ ಫಲ ಕಾಣುತ್ತದೆ. ನಿಮ್ಮಲ್ಲಿರುವ ಸಮಯವನ್ನೆಲ್ಲ ಖರ್ಚು ಮಾಡಲು ಒಂದೇ ಜಾಗವಿದ್ದರೆ ಅದು ಇದೇ.

ತೆರಪನ್ನು ಎಡಬದಿಯಲ್ಲಿ, ಎರಡು ಬಗೆಯ ನಿರಿಗೆ ಸೇರುವಲ್ಲಿ ಬಿಡಿ. ಅಲ್ಲಿ ಅದು ಕಾಣುವುದಿಲ್ಲ. ಅಂಚಿನ ಒಳಮೈಗೆ ಒಂದು ಗೇಣು ಅಗಲದ ಹತ್ತಿ ಪಟ್ಟಿ ಹೊಲಿದರೆ ರಂಗದ ಹಲಗೆಗೆ ಉಜ್ಜಿ ರೇಷ್ಮೆ ಹರಿಯದು.

ಮೇಲುಡುಪು

ಸಾದಾ ನಾಲ್ಕು ಡಾರ್ಟ್ ರವಿಕೆಯ ಮಾದರಿಯಿಂದ ಆರಂಭಿಸಿ ಕೋರಾ ಬಟ್ಟೆಯಲ್ಲಿ ತಿದ್ದುತ್ತ ಹೋಗಿ. ನಮ್ಮ ರವಿಕೆಯ ಕಂಕುಳು ಎತ್ತರವಾಗಿ, ಬಿಗಿಯಾಗಿ ಇರುತ್ತದೆ. ಈ ಉಡುಪಿಗೂ ಹಾಗೆಯೇ ಬೇಕು. ಕಂಕುಳು ಇಳಿದಿದ್ದರೆ ಪೋಲ್ಕಾದಲ್ಲಿ ಜೊತೆಗಾರನ ಭುಜಕ್ಕೆ ಕೈ ಎತ್ತಿದಾಗ ಇಡೀ ಮೇಲುಡುಪು ಮೇಲಕ್ಕೇಳುತ್ತದೆ.

ಬದಲಾಯಿಸಬೇಕಾದವು: ಭುಜದ ಹೊಲಿಗೆಯನ್ನು ಮೂರು ಸೆಂಟಿಮೀಟರ್ ಹಿಂದಕ್ಕೆ ಸರಿಸಿ, ತೋಳು ಕೂಡುವ ಜಾಗವನ್ನು ಭುಜದ ಮೂಳೆಯಿಂದ ಕೆಳಗಿಳಿಸಿ. ಕೊರಳನ್ನು ಅಡ್ಡಕ್ಕೆ ಅಗಲಿಸಿ. ಭುಜದ ಮೇಲೆ ನಾಲ್ಕೈದು ಸೆಂಟಿಮೀಟರ್ ಮಾತ್ರ ಉಳಿಯಲಿ. ಶಾಲಾ ಪ್ರದರ್ಶನಕ್ಕೆ ಇಷ್ಟು ತೆರೆದ ಕೊರಳು ಬೇಡವೆನಿಸಿದರೆ ಒಳಗೆ ತೆಳು ಮಲ್‌ಮಲ್‌ನ ಕೊರಳುಪಟ್ಟಿ ಸೇರಿಸಬಹುದು, ಆ ಕಾಲದಲ್ಲೂ ಹಾಗೆ ತೊಡುತ್ತಿದ್ದರು. ಕಂಕುಳಿನ ಡಾರ್ಟ್ ತೆಗೆದುಹಾಕಿ, ಮುಂದೆ ಪ್ರತಿ ಬದಿಗೂ ಸೊಂಟದಿಂದ ಏರುವ ಎರಡು ಡಾರ್ಟ್ ಇರಲಿ. ಮುಂದಿನ ಮೂತಿ ಸೊಂಟದಿಂದ 10 ಸೆಂಟಿಮೀಟರ್ ಕೆಳಗೆ ಇಳಿಯಲಿ, ಬೆನ್ನಿನದು ಐದು. ಬೆನ್ನ ಹೊಲಿಗೆಗಳು ಕಂಕುಳ ಹಿಂಬದಿಯಿಂದ ಬಾಗುತ್ತ ಬಂದು ಸೊಂಟದ ಮಧ್ಯದ ಹತ್ತಿರ ಸೇರಬೇಕು. ಸೊಂಟ ಸಣ್ಣದಾಗಿ ಕಾಣುವುದು ಈ ಬಾಗಿನಿಂದ.

ಕೋರಾ ಮಾದರಿಯನ್ನು ಪಂಜರ, ಘೇರಿನ ಮೇಲೆಯೇ ತೊಡಿಸಿ ನೋಡಿ, ಹಾಡಿಸಿ ನೋಡಿ. ಸರಿಯಾದ ಮೇಲೆ ಬಿಚ್ಚಿ, ಅದೇ ತುಂಡುಗಳಿಂದ ಡ್ರಿಲ್ ಮತ್ತು ರೇಷ್ಮೆ ಎರಡನ್ನೂ ಕತ್ತರಿಸಿ. ರೇಷ್ಮೆಯನ್ನು ಡ್ರಿಲ್ಲಿನ ಮೇಲೆ ಇಟ್ಟು ಅಂಚಿಗೆ ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆಯೆಂದು ತಿಳಿದು ಹೊಲಿಯಿರಿ. ಅಸ್ತರನ್ನು ಬೇರೆ ಚೀಲದಂತೆ ಹೊಲಿದು ತಿರುವುವುದು ಈಗಿನ ಪದ್ಧತಿ. ಅದರಲ್ಲಿ ರೇಷ್ಮೆ ಸುಕ್ಕುಗಟ್ಟುತ್ತದೆ.

ಎಲುಬುಗಳು ಒಂಬತ್ತು: ನಡುಮಧ್ಯಕ್ಕೆ ಒಂದು, ನಾಲ್ಕು ಡಾರ್ಟುಗಳಿಗೆ ನಾಲ್ಕು, ಬದಿಗೆ ಎರಡು, ಬೆನ್ನ ತೆರಪಿನ ಎರಡು ಅಂಚಿಗೆ ಎರಡು. ಕೇಬಲ್ ಟೈ ಕತ್ತರಿಸಿ, ಮೂಲೆ ದುಂಡಗೆ ಮಾಡಿ, ಉಗುರು ಉಜ್ಜುವ ಅರದಿಂದ ನುಣುಪುಗೊಳಿಸಿ. ಹೊಲಿಗೆಯ ಗೆರೆಗಿಂತ ಒಂದೂವರೆ ಸೆಂಟಿಮೀಟರ್ ಮೊದಲೇ ಎಲುಬು ನಿಲ್ಲಬೇಕು, ಇಲ್ಲವಾದರೆ ಕುಣಿತದಲ್ಲಿ ಚುಚ್ಚಿ ಹೊರಬರುತ್ತದೆ.

ಕೊರಳು, ತೋಳಿನ ಕೂಡುಗೆರೆ, ಕೆಳ ಅಂಚು ಮೂರಕ್ಕೂ ಪೈಪಿಂಗ್ ಹಾಕಿ. ಇದನ್ನು ಬಿಟ್ಟ 1860ರ ಉಡುಪು ಎಷ್ಟೇ ಚೆನ್ನಾಗಿದ್ದರೂ ಏನೋ ಕೊರತೆಯಿದೆ ಎನಿಸುತ್ತದೆ. ಮೂರು ಸೆಂಟಿಮೀಟರ್ ಅಗಲದ ಕ್ರಾಸ್ ಪಟ್ಟಿಯೊಳಗೆ ತೆಳು ಹತ್ತಿ ಹುರಿ ಇಟ್ಟು ಹೊಲಿದರೆ ಎರಡು ಮೂರು ಮಿಲಿಮೀಟರಿನ ಉಬ್ಬು ಗೆರೆ ಬರಬೇಕು. ಅಂಗಡಿಯ ಸಿದ್ಧ ಪೈಪಿಂಗ್ ತುಂಬ ದಪ್ಪ. ಕೊರಳ ಪೈಪಿಂಗಿನ ಒಳಗೆ ಸಣ್ಣ ಲಾಡಿಯೊಂದನ್ನು ಓಡಿಸಿ, ತೊಟ್ಟ ಮೇಲೆ ಎಳೆದು ಕಟ್ಟಿದರೆ ಕೊರಳು ಮೈಗೆ ಅಂಟಿ ಕೂರುತ್ತದೆ.

ಬೆನ್ನಿಗೆ ಜಿಪ್ ಬೇಡ. ಎರಡು ಸೆಂಟಿಮೀಟರಿಗೊಂದರಂತೆ ಸಣ್ಣ ತೂತುಗಳನ್ನು ಕಾಜದ ದಾರದಿಂದ ಸುತ್ತ ಹೊಲಿದು, ಒಂದೇ ಹುರಿಯನ್ನು ಓರೆಯಾಗಿ ಒಂದರಿಂದ ಇನ್ನೊಂದಕ್ಕೆ ಏರಿಸುತ್ತ ಹೋಗಿ. ಲೋಹದ ಉಂಗುರ ಒಂದೇ ಮಳೆಗಾಲಕ್ಕೆ ಹಸಿರು ಕಟ್ಟುತ್ತದೆ. ಹುರಿಯ ಕಟ್ಟಿನಿಂದ ಇನ್ನೊಂದು ಅನುಕೂಲ: ಹಿಂದೆ ಬಟ್ಟೆಯ ಒಂದು ಅಡ್ಡಪಟ್ಟಿ ಇಟ್ಟುಕೊಂಡರೆ ಮೈಕಟ್ಟಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಿರುವ ಇಬ್ಬರು ನಟಿಯರು ಒಂದೇ ಉಡುಪನ್ನು ತೊಡಬಹುದು. ಮೇಲುಡುಪಿನ ಒಳಗೆ ಸೊಂಟದಲ್ಲಿ ಮೂರು ಹುಕ್ ಹಾಕಿ ಘೇರಿನ ಪಟ್ಟಿಗೆ ಸಿಕ್ಕಿಸಿದರೆ ಕೈಯೆತ್ತಿದಾಗ ನಡುವೆ ಬಿರುಕು ಕಾಣುವುದಿಲ್ಲ.

ತೋಳು ಗಿಡ್ಡ ಬುಗ್ಗೆತೋಳು, ವಿವರಿಸುವ ಅಗತ್ಯವಿಲ್ಲ. ಬರ್ಥಾಕ್ಕೆ ಮಲ್‌ಮಲ್‌ನಲ್ಲಿ ಕೊರಳಿನ ಆಕಾರದ 12 ಸೆಂಟಿಮೀಟರ್ ಅಗಲದ ತಳ ಕತ್ತರಿಸಿ, ಅದರ ಮೇಲೆ ಸೆರಗಿನ ಬಟ್ಟೆಯನ್ನು ಒಂದೂವರೆ ಸೆಂಟಿಮೀಟರಿನ ಮಡಿಕೆಗಳಾಗಿ ಕೂರಿಸುತ್ತ ಕೈಯಿಂದ ಹೊಲಿಯಿರಿ. ಎದೆಯ ನಡುವೆ ಅವು ಇಂಗ್ಲಿಷಿನ ‘ವಿ’ ಅಕ್ಷರದಂತೆ ಕೂಡಲಿ. ಬರ್ಥಾವನ್ನು ಕಚ್ಚಾ ಹೊಲಿಗೆಯಲ್ಲೇ ಕೂಡಿಸಿ. ಬೆವರಿಗೆ ಮೊದಲು ಕೊಳೆಯಾಗುವುದು ಇದು, ಬಿಚ್ಚಿ ಒಗೆಯಲು ಬರಬೇಕು.

ತಾಲೀಮು

ಉಡುಪು ಮುಗಿಯುವ ಮೊದಲೇ ಪಂಜರವನ್ನು ತಾಲೀಮಿಗೆ ಕೊಡಿ. ಬಳೆಗಳ ಘೇರಿಗೆ ತನ್ನದೇ ಓಟವಿದೆ: ನಟಿ ನಿಂತ ಮೇಲೂ ಅದು ಅರ್ಧ ಸುತ್ತು ಹೋಗಿ ಮರಳುತ್ತದೆ, ಹಾಡಿನ ತಾಳಕ್ಕೆ ಆ ಮರಳುವಿಕೆಯನ್ನು ಹೊಂದಿಸಬೇಕು. ಜೊತೆಗಾರನ ಪಾದ ಘೇರಿನ ಕೆಳಗೇ ನುಗ್ಗಬೇಕು, ಅಂಜಿ ದೂರ ನಿಂತರೆ ಇಬ್ಬರೂ ಬಾಗಿ ಕುಣಿಯಬೇಕಾಗುತ್ತದೆ. ಸುತ್ತುವಾಗ ಬಳೆ ಒಂದು ಬದಿಗೆ ಏಳುವುದರಿಂದ ಒಳಗೆ ಪಾದದ ಗಂಟಿನವರೆಗಿನ ಬಿಳಿ ಹತ್ತಿ ಇಜಾರ ಕಡ್ಡಾಯ. ಕೂರಲು ಕೈಯಿಲ್ಲದ ಕುರ್ಚಿಯೇ ಬೇಕು. ಹಿಂದಿನ ಬಳೆಗಳನ್ನು ಕೊಂಚ ಎತ್ತಿ, ಕುರ್ಚಿಯ ತುದಿಯಲ್ಲಿ ಕೂರುವುದನ್ನು ಕಲಿಸಿ. ಬಾಗಿಲಲ್ಲಿ ಎರಡೂ ಬದಿಯನ್ನು ಅಂಗೈಯಿಂದ ಒತ್ತಿದರೆ ಘೇರು ಕಿರಿದಾಗುತ್ತದೆ.

ಆಟೋದಲ್ಲಿ ಇದನ್ನು ತೊಟ್ಟು ಹೋಗುವ ಮಾತಿಲ್ಲ. ಪಂಜರವನ್ನು ನೆಲಕ್ಕೆ ಒತ್ತಿದರೆ ಬಳೆಗಳು ಒಂದರೊಳಗೊಂದು ಕೂತು ಚಪ್ಪಟೆಯಾಗುತ್ತವೆ. ನಾಲ್ಕು ಕಡೆ ಲಾಡಿ ಕಟ್ಟಿ ಒಯ್ಯಬಹುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ, ಪೈಪು ಮೆತ್ತಗಾಗಿ ಡೊಂಕಾಗುತ್ತದೆ.

ಮಳೆಗಾಲಕ್ಕೆ ಎತ್ತಿಡುವುದು

ಪ್ರದರ್ಶನ ಮುಗಿದ ವಾರದೊಳಗೆ ಒಳಲಂಗದ ಗಂಜಿಯನ್ನು ಪೂರ್ತಿ ಒಗೆದು ತೆಗೆಯಿರಿ. ಗಂಜಿಯ ಬಟ್ಟೆಗೆ ಜೂನ್ ತಿಂಗಳಲ್ಲಿ ಬೂಷ್ಟು ಹಿಡಿಯುವುದು ನಿಶ್ಚಿತ, ಜಿರಳೆಗೂ ಅದು ಪ್ರೀತಿ. ಮೇಲುಡುಪನ್ನು ಒಳಮೈ ಹೊರಗೆ ಮಾಡಿ ನೆರಳಲ್ಲಿ ಗಾಳಿಗೆ ಹಾಕಿ, ಕಂಕುಳ ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಘೇರನ್ನು ನೇತುಹಾಕಿದರೆ ನಿರಿಗೆಗಳ ಹೊಲಿಗೆ ತನ್ನ ಭಾರಕ್ಕೇ ಜಗ್ಗುತ್ತದೆ. ಹಳೆಯ ಮುಂಡಿನಲ್ಲಿ ಸಡಿಲವಾಗಿ ಸುತ್ತಿ ಮಲಗಿಸಿಡಿ. ಪ್ಲಾಸ್ಟಿಕ್ ಚೀಲ ಬೇಡ. ನುಸಿಗುಳಿಗೆ ಜರಿಗೆ ತಾಗಬಾರದು. ಒಣಗಿದ ಬೇವಿನೆಲೆ, ಒಂದು ಹಿಡಿ ಕರಿಮೆಣಸನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಪಕ್ಕಕ್ಕಿಡಿ. ಮಳೆ ಬಿಟ್ಟು ಬಿಸಿಲು ಬಂದ ದಿನಗಳಲ್ಲಿ ಒಮ್ಮೆ ತೆಗೆದು ಮಡಿಕೆ ಬದಲಿಸಿ.

ಕೋರಾ ಮಾದರಿಯ ತುಂಡುಗಳನ್ನು ಎಸೆಯಬೇಡಿ. ಪ್ರತಿ ತುಂಡಿನ ಮೇಲೂ ಎದೆ, ಸೊಂಟದ ಅಳತೆ, ಯಾವ ಬದಿ, ಎಷ್ಟು ಹೊಲಿಗೆ ಬಿಟ್ಟಿದ್ದೀರಿ ಎಂಬುದನ್ನು ಅಳಿಸದ ಶಾಯಿಯಲ್ಲಿ ಬರೆದು ಸುರುಳಿ ಸುತ್ತಿಡಿ. ಮುಂದಿನ ವರ್ಷ ಅನ್ನಾಳ ಪಾತ್ರಕ್ಕೆ ಬರುವ ಹುಡುಗಿ ಎತ್ತರದವಳಾದರೆ ಕತ್ತರಿ ಅಲ್ಲಿಂದಲೇ ಹೊರಡಬಹುದು.